ವಾಕಡದ ಗಿರಣಿ

ಆಫೀಸಿನಿಂದ ಹೊರಟ ಕಂಪನಿ ಬಸ್ಸು ಹಿಂಜವಾಡಿ ದಾಟುವ ಮೊದಲೇ ಟ್ರಾಫಿಕ್ಕಿನಲ್ಲಿ ನಿಂತುಬಿಟ್ಟಿತ್ತು. ದಿನಾ ಇದೇ ಹಾಡು. ಹಡಪಸರದ ನಮ್ಮ ಮನೆಗೂ ಆಫೀಸಿಗೂ ನಡುವೆ ಇಡೀ ಪುಣೆಯೇ ಅಡ್ಡ. ಓಡಾಡಿ ಓಡಾಡಿ ನನ್ನ ಸೊಂಟ ಬಿದ್ದುಹೋಗಿದೆ. ಅದಕ್ಕೇ ಆಫೀಸಿನ ಮಗ್ಗುಲಿನ ವಾಕಡದಲ್ಲಿ ನನಗೂ ಗಂಡನಿಗೂ ಸಾಲುವಷ್ಟು, ಒಂದು ಕೋಣೆಯ ಬಾಡಿಗೆ ಮನೆ ಗೊತ್ತು ಮಾಡಿದ್ದೆ. ಗಂಡ ಮಾಂತುಗೆ ಗೊತ್ತು, ಅತ್ತೆ ಸಾವಂತ್ರವ್ವನವರಿಗೆ ಗೊತ್ತಿಲ್ಲ. "ನಾ ಹೇಳ್ತೀನಿ, ತಡಿ" ಎನ್ನುತ್ತಾ ಮಾಂತು ಪಂಚಮಿಯಿಂದ ದಸರೆಗೆ, ದಸರೆಯಿಂದ ದೀಪಾವಳಿಗೆ ದಬ್ಬುತ್ತಾ ಬಂದಿದ್ದ. ತಾಯಿಯ ಎದುರು ನಿಂತರೆ ಈ ಮನುಷ್ಯನ ಬಾಯಿಗೆ ಬೀಗ.

ಅಷ್ಟರಲ್ಲಿ ಅತ್ತೆಯ ಫೋನು. "ಮಾಧುರಿ, ನಮ್ಮ ಓಣ್ಯಾಗಿನ ಗಿರಣಿ ಬಂದ್ ಆತವಾ. ಜ್ವಾಳಾ ಬೀಸೋದು ಬ್ಯಾರೆ ಎಲ್ಲಿ ಅದ, ನೋಡಿ ಕಳಸು."

ಅವರಿಗೆ ವಾರವಾರ ಬೀಸಿದ ಹೊಸ ಹಿಟ್ಟೇ ಆಗಬೇಕು. ಹಳೇ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ನಾನು ಬಾಡಿಗೆ ಮನೆ ಹುಡುಕಿದ್ದ ವೆಬ್‌ಸೈಟಿನಲ್ಲೇ ಗಿರಣಿ, ದವಾಖಾನೆ ಎಲ್ಲ ಸಿಗುತ್ತವೆ. ಹಿಟ್ಟಿನ ಗಿರಣಿ ಎಂದು ಒತ್ತಿ, ಬಂದದ್ದನ್ನು ನೋಡದೆ ಲಿಂಕು ಕಳಿಸಿದೆ.

ಬಸ್ಸು ಒಂದಿಷ್ಟು ತೆವಳಿತು. ಸುಮ್ಮನೆ ಫೋನು ನೋಡಿದರೆ ವೆಬ್‌ಸೈಟಿನ ತಲೆಯ ಮೇಲೆ, ಮನೆ ಹುಡುಕುವಾಗ ನಾನೇ ಹಾಕಿದ್ದ 'ವಾಕಡ' ಹಾಗೇ ಉಳಿದಿತ್ತು. ಕಳಿಸಿದ ಲಿಂಕಿನ ಬಾಲದಲ್ಲೂ ಅದೇ ಹೆಸರು. ಅಳಿಸೋಣವೆಂದರೆ ನೀಲಿ ಟಿಕ್ ಬಿದ್ದಾಗಿತ್ತು. ಮಾಂತುಗೆ ಫೋನು ಹಚ್ಚಿದೆ.

"ಅವ್ವಗ ಅದೆಲ್ಲಾ ಎಲ್ಲಿ ತಿಳೀತದ, ಬಿಡು" ಎಂದು ನಕ್ಕ. ಕೈಗೆ ಸಿಕ್ಕಿದ್ದರೆ ಕಚ್ಚಿಬಿಡುತ್ತಿದ್ದೆ.

ನಾನು ಮನೆ ಮುಟ್ಟುವುದರೊಳಗೆ ಎಲ್ಲಿದ್ದೀ, ಎಲ್ಲಿ ಬಂದೀ ಎಂದು ಮೇಲಿಂದ ಮೇಲೆ ಕೇಳುವ ಅತ್ತೆ ಅವತ್ತು ಒಂದು ಸಲವೂ ಕೇಳಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ. ಬೈದಿದ್ದರೂ ಬೇಕಿತ್ತು.

ಊಟಕ್ಕೆ ಕೂತಾಗ ಅವರೇ ತೆಗೆದರು. "ನೀ ಕಳಿಸಿದ್ರಾಗ ಬರೇ ವಾಕಡದ ಗಿರಣಿ ಬಂದ್ವು. ನನ್ನ ಫೋನ್ ಕೆಟ್ಟದ ಅನ್ಕೊಂಡು ಬಾಜೂ ಮನಿ ಹರ್ಷದಾನ ಫೋನಿಗೆ ಕಳಿಸಿದೆ. ಆಕಿ ಫೋನಿನಾಗೂ ವಾಕಡನ. ಕಳಿಸಿದವ್ರು ಎಲ್ಲೀದು ಹುಡುಕ್ತಿರ್ತಾರೋ, ಆ ಜಾಗಾನ ಲಿಂಕಿನ ಸಂಗಾಟ ಬರ್ತದಂತ. ಆಕೀನ ಹೇಳಿದ್ಲು."

"ಆಫೀಸಿನ ಬಾಜೂಕ ಅದಲ್ರಿ ಅತ್ತಿ, ಅದಕ..."

"ಆಫೀಸಿನ್ಯಾಗ ಕುಂತು ರೊಟ್ಟಿ ಬಡೀತೀಯೇನು?"

ಮಾಂತು ತನ್ನ ತಾಟಿಗೆ ಇನ್ನಷ್ಟು ಪಲ್ಯ ಹಾಕಿಕೊಂಡ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಅವನ ಮೇಲೆ ಸಿಟ್ಟು ಬಂತು.

ಅತ್ತೆ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದರು. "ಅಲ್ಲೀ ಗಿರಣಿಗೆ ಫೋನ್ ಹಚ್ಚಿದ್ದೆ. ಭಾಳ ಚಲೋ ಮಾತಾಡಿದ್ರು. ವಾರಕ್ಕ ಎಷ್ಟು ಮಂದಿಗೆ ಹಿಟ್ಟು ಬೇಕ್ರಿ ಅಂದ್ರು. ಕೇಳಿ ಹೇಳ್ತೀನಿ ಅಂದೀನಿ." ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. "ನಿಮ್ಮಿಬ್ಬರಿಗಷ್ಟ ಹೇಳ್ಲೋ, ಮೂವರಿಗೆ ಹೇಳ್ಲೋ?"

"ಮೂವರಿಗ್ರಿ" ಎಂದೆ.

ಅವರ ಮುಖ ಅರಳಿತು. ಬೇಡವೆಂದರೂ ಕೇಳದೆ ಇನ್ನೊಂದು ರೊಟ್ಟಿ ಹಾಕಿ ಮೇಲೆ ಬೆಣ್ಣೆ ಇಟ್ಟರು. ನಾನು ಗೊತ್ತು ಮಾಡಿದ ಮನೆಗೆ ಇರುವುದು ಒಂದೇ ಕೋಣೆ ಎಂದು ಹೇಳಲು ಈಗ ನನ್ನ ಬಾಯಿಗೂ ಬೀಗ.