ರೋಗಿಸೇವಾ ಸಂಘಕ್ಕೆ ನೂರು ವರ್ಷ

ಬುಖಾರಾದ ಯಹೂದಿ ಕೇರಿಯ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ರೋಗಿಸೇವಾ ಸಂಘದ ಕಚೇರಿಯ ಚಹಾಪಾತ್ರೆಗೆ ಹೊಸ ಮುಚ್ಚಳ ಬಂದಿರುತ್ತದೆ. ಅದೇ ಕಾಗದದ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ: ಭಾನುವಾರ ಸಂಘಕ್ಕೆ ನೂರು ತುಂಬುತ್ತದೆ, ಕಹಳೆ, ಓಶ್ ಪಲಾವಿನ ಊಟ, ಸ್ಥಾಪಕರ ಹೆಸರು ಕೆತ್ತಿದ ಕಲ್ಲಿನ ಅನಾವರಣ.

ಮಜೋಲ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಸಂಘ ಹುಟ್ಟಿದ್ದೇ ಅವಳಜ್ಜಿ ಬುಲೋರ್‌ಳ ಅಡುಗೆಮನೆಯಲ್ಲಿ. ವಿಷಮಜ್ವರದ ವರ್ಷ ಮನೆಮನೆಗೆ ಗಂಜಿ ಹೊತ್ತವಳು ಆಕೆ. ಅಧ್ಯಕ್ಷ ಹಿಜ್ಕಿಯೋ ಬರೆದ ಸಂಘದ ಚರಿತ್ರೆಯಲ್ಲಿ ಆಕೆಗೆ ಸಿಕ್ಕಿದ್ದು ಒಂದೇ ಪದ: ‘ಇತರರು’.

“ನಮ್ಮಜ್ಜಿ ಇತರರಾ ಅಣ್ಣಾ?” ಎಂದು ಕಚೇರಿಗೆ ಹೋಗಿ ಹಿಜ್ಕಿಯೋನನ್ನೇ ಕೇಳಿದಳು.

“ಗಂಜಿ ಕಾಯ್ಸಿದೋರನ್ನೆಲ್ಲ ಕೆತ್ಸೋಕೆ ಹೋದ್ರೆ ಕಲ್ಲಲ್ಲ, ಬೆಟ್ಟ ಬೇಕಾಗುತ್ತೆ. ದಾಖಲೆ ಇದ್ರೆ ತಾ ತಂಗಿ.”

“ನಿಮ್ತಾತ ಬರೀ ತಿಂದು ಕೈ ತೊಳ್ಕೊಂಡೋರು. ಕಲ್ಲಲ್ಲಿ ಅವ್ರ ಹೆಸ್ರು ಮೊದ್ಲು!”

“ತಿನ್ನೋರಿಲ್ದಿದ್ರೆ ನಿಮ್ಮಜ್ಜಿ ಬಡಿಸ್ತಿದ್ದಿದ್ದು ಯಾರಿಗೆ?”

ದೇವರ ಹೆಸರಿರುವ ಹಳೆಯ ಕಾಗದವನ್ನು ಎಸೆಯುವಂತಿಲ್ಲ, ಸತ್ತವರಂತೆ ಹೂಳಬೇಕು. ಹಾಗೆ ಮಣ್ಣಿಗೆ ಕಾದಿದ್ದ ಕಾಗದದ ಹನ್ನೊಂದು ಮೂಟೆ ಸಿನಗಾಗ್‌ನ ಮೂಲೆಯಲ್ಲಿದ್ದವು. ದಾಖಲೆ ಹುಡುಕುತ್ತ ಮಜೋಲ್ ಮೂರು ದಿನ ಧೂಳು ಕುಡಿದಳು. ಎದ್ದು ಹೊರಗೆ ಹೋದಳು, ಮತ್ತೆ ಬಂದು ಬಗ್ಗಿದಳು. ಶುಕ್ರವಾರ ಬೆಳಿಗ್ಗೆ ಸಂಘದ ಮೊದಲ ನಡಾವಳಿ ಪುಸ್ತಕ ಸಿಕ್ಕಿತು. ತಲೆವಸ್ತ್ರ ಜಾರಿದರೂ ನಿಲ್ಲದೆ ಕಚೇರಿಗೆ ಓಡಿದಳು.

ಹಿಜ್ಕಿಯೋನ ಜೊತೆ ಕೂತಿದ್ದ ಸಿನಗಾಗ್‌ನ ಗುರು ರಬ್ಬಿ ಯುನೋ ಕನ್ನಡಕ ಏರಿಸಿ ಓದಿದರು. “ಸ್ಥಾಪಕರು, ಒಂಬತ್ತು ಗಂಡಸರು. ಹತ್ತನೆಯವರು ಬುಲೋರ್.”

“ಕೇಳಿಸ್ತಾ ಅಣ್ಣಾ? ಇನ್ನೊಂದ್ಸಲ ಓದಿಸ್ಲಾ?”

“ತಡಿಯಮ್ಮ,” ಎಂದು ರಬ್ಬಿ ಪುಟ ತಿರುವಿದರು. “ಒಂದನೇ ನಿಯಮ: ಪ್ರಾರ್ಥನೆಗೆ ಹೇಗೋ ಸಂಘಕ್ಕೂ ಹಾಗೆ, ಹತ್ತು ಗಂಡಸರು ಸೇರಿದರೆ ಮಾತ್ರ ಸ್ಥಾಪನೆ.”

“ಹಾಗಂದ್ರೆ?” ಹಿಜ್ಕಿಯೋ ಚಹಾ ಲೋಟ ಕೆಳಗಿಟ್ಟ.

“ಬುಲೋರಮ್ಮನ್ನ ಲೆಕ್ಕಕ್ಕೆ ಹಿಡಿದ್ರೆ ಸಂಘ ಉಂಟು. ಬಿಟ್ರೆ ಒಂಬತ್ತೇ. ಸಂಘ ಹುಟ್ಟೇ ಇಲ್ಲ.”

ಹಿಜ್ಕಿಯೋ ಎದ್ದ, ಕೂತ, ಮತ್ತೆ ಎದ್ದ.

“ಹೆಂಗಸನ್ನ ಹತ್ತರಲ್ಲಿ ಎಣಿಸೋ ಕಾಗದಕ್ಕೆ ನಾನು ಸಹಿ ಹಾಕಲ್ಲ.”

“ಹಾಗಾದ್ರೆ ಇಷ್ಟು ವರ್ಷ ನೀವು ಯಾವುದರ ಅಧ್ಯಕ್ಷರು ಅಣ್ಣಾ?”

ಹಿಜ್ಕಿಯೋ ಫೋನ್ ಎತ್ತಿ ಕಲ್ಲುಕುಟಿಗನಿಗೆ ಕಲ್ಲು ಬೇಡ ಎಂದ. ಬಳಿಕ ಕಹಳೆಯವನಿಗೆ ಹಚ್ಚಿದ. ಅವನು ಸುಮ್ಮನೆ ಬಿಡುವ ಪೈಕಿ ಅಲ್ಲ, ಕಾರಣ ಕೇಳಿದ.

“ಏನಂತ ಹೇಳ್ಲಿ ಮಾರಾಯ? ಸಂಘ ಇನ್ನೂ ಹುಟ್ಟಿಲ್ವಂತೆ.”