ಸತುವಿಗೆ ತಾಳುವ ಗುರುತು

"ಕಣ್ಣನ್ನೇನು ಬೂಟಿನೊಳಗೆ ಇಟ್ಕೊಂಡು ಬಂದಿದೀಯಾ? ಮ್ಯೂನ್‌ಸ್ಟರ್‌ಗೆ ಹೋಗಬೇಕಾದ ಹದಿನಾರು ಕಬ್ಬಿಣದ ಕಟಕಟೆ ಕಾಸೆಲ್‌ಗೆ ಹೋಗಿ ಕೂತಿವೆ. ಯಾವ ದನ ಕಟ್ಟಿದ್ದು ಅವನ್ನ?"

ಮ್ಯಾನೇಜರ್ ಟೆಪ್ಪರ್ ಕೇಳುತ್ತಿದ್ದುದು ನನ್ನನ್ನು. ನಾನು ಕಬ್ಬಿಣದ ಮೆಟ್ಟಿಲುಗಳನ್ನು ಚೌಕಟ್ಟಿಗೆ ತೂಗುಹಾಕಿ ತಂತಿ ಬಿಗಿಯುತ್ತಿದ್ದೆ. ಬಾಯಲ್ಲಿ ತಂತಿ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡುವ ಕಷ್ಟ ತಪ್ಪಿತು.

ಗೆಲ್ಸೆನ್‌ಕಿರ್ಷೆನ್‌ನ ಕಾಲುವೆ ದಂಡೆಯ ಈ ಕಾರ್ಖಾನೆಗೆ ಎಲ್ಲೆಲ್ಲಿಯದೋ ಕಬ್ಬಿಣ ಬರುತ್ತದೆ. ಅದನ್ನು ಆಸಿಡ್ಡಿನಲ್ಲಿ ತೊಳೆದು, ಕರಗಿದ ಸತುವಿನಲ್ಲಿ ಮುಳುಗಿಸಿ, ತುಕ್ಕು ಹಿಡಿಯದಂತೆ ಮಾಡಿ ವಾಪಸು ಕಳಿಸುತ್ತೇವೆ. ಬರುವಾಗ ಪ್ರತಿ ತುಂಡಿಗೂ ಕಾಗದದ ಚೀಟಿ ಇರುತ್ತದೆ. ಮೊದಲ ತೊಟ್ಟಿಯಲ್ಲೇ ಆಸಿಡ್ ಚೀಟಿಯನ್ನು ತಿಂದುಹಾಕುತ್ತದೆ. ಆಮೇಲೆ ಯಾವುದು ಯಾರದ್ದೆಂದು ನೆನಪಿಡಬೇಕಾದವರು ನಾವು ಹನ್ನೊಂದು ಜನ, ಬಲ್ಗೇರಿಯಾದ ರಾಜ್‌ಗ್ರಾದ್ ಕಡೆಯ ತುರ್ಕರು. ಗುತ್ತಿಗೆದಾರ ಪ್ಲಾಮೆನ್ ವ್ಯಾನಿನಲ್ಲಿ ತುಂಬಿಕೊಂಡು ಬಂದವರು. ದಿನಕ್ಕೆ ನಾನೂರು ತುಂಡು ನಮ್ಮ ತಲೆಯೊಳಗೆ ಹಾದುಹೋಗುತ್ತಿದ್ದವು. ಸರಿಯಾದ ಮುನ್ನೂರ ತೊಂಬತ್ತೊಂಬತ್ತರ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ.

ಸತುವಿನ ತೊಟ್ಟಿ ನೋಡಿಕೊಳ್ಳುವ ಸೆಜ್ಗಿನ್ ಕೆನೆ ಕೆರೆಯುವ ಸಲಾಕೆ ಊರಿಕೊಂಡು ನಿಂತಿದ್ದ. "ತಗಡಿನ ಬಿಲ್ಲೆ ಕಟ್ಸಿ ಸಾಹೇಬ್ರೇ. ತೂತು ಹೊಡ್ದು ನಂಬ್ರ ಮಾಡಿ. ಆಸಿಡ್ ಕುಡುದ್ರೂ ಸತು ಕುಡುದ್ರೂ ತೂತು ತೂತಾಗೇ ಇರ್ತದೆ," ಎಂದ.

"ನಿನ್ನನ್ನ ಯಾರು ಕೇಳಿದ್ರು? ನೀನು ಅದ್ದು, ಎತ್ತು. ಯೋಚನೆ ಮಾಡೋಕೆ ಬೇರೆಯವರನ್ನ ಕರೆಸ್ತಿದೀನಿ."

ಯೋಚನೆ ಮಾಡುವವಳು ಸೋಮವಾರ ಬಂದಳು. ಡಾಕ್ಟರ್ ಓಲ್ಡರ್ಸ್, ಒಂದು ಗೀರೂ ಇಲ್ಲದ ಬಿಳಿ ಹೆಲ್ಮೆಟ್, ಜತೆಗೆ ಮೂರು ಪೆಟ್ಟಿಗೆ. ಕಬ್ಬಿಣಕ್ಕೆ ಗುರುತು ಹಚ್ಚುವ ಉಪಾಯಗಳಲ್ಲಿ ಯಾವುದು ಒಳ್ಳೆಯದೆಂದು ಆರಿಸುವುದು ಅವಳ ಕೆಲಸ. ಮೂರು ವಾರ ಕಬ್ಬಿಣದ ಹತ್ತಿರ ಎಲ್ಲ ಕೇಳಿದಳು, ನಮ್ಮ ಹತ್ತಿರ ಏನೂ ಕೇಳಲಿಲ್ಲ.

ಮೊದಲು ಬಾರ್‌ಕೋಡ್ ಅಂಟಿಸಿದಳು. ಮಾಮೂಲಿ ಚೀಟಿಗಿಂತ ನಾಲ್ಕು ನಿಮಿಷ ಹೆಚ್ಚು ಬಾಳಿತು. ಅದನ್ನು ಬರೆದುಕೊಂಡಳು. ಆಮೇಲೆ ಯಂತ್ರ ದೂರದಿಂದಲೇ ಓದುವ ರೇಡಿಯೋ ಚಿಪ್ಪು. ಕಬ್ಬಿಣದ ಮೈಗೆ ತಾಗಿದ್ದೇ ತಡ, ಅದು ಮೂಕವಾಯಿತು. ಓದುವ ಯಂತ್ರ ಹಿಡಿದು ಡಾಕ್ಟರಮ್ಮ ತೊಲೆಯ ಸುತ್ತ ಪ್ರದಕ್ಷಿಣೆ ಹಾಕಿದಳು. ಕೊನೆಗೆ ಯಂತ್ರ ಕೀಂ ಎಂದದ್ದು ಸೆಜ್ಗಿನ್ ಜೇಬಿನ ಹತ್ತಿರ. ಮಿಕ್ಕ ಚಿಪ್ಪುಗಳನ್ನು ಅವನ ಕೈಗೆ ಕೊಟ್ಟಿದ್ದಳು, ಅವನು ಜೇಬಿಗೆ ಹಾಕಿಕೊಂಡಿದ್ದ.

"ನನ್ನ ರೇಟೂ ತೋರಿಸ್ತಾ ಮೇಡಂ?" ಎಂದ ಸೆಜ್ಗಿನ್. ನಾವು ನಕ್ಕೆವು. ಟೆಪ್ಪರ್ ನಗಲಿಲ್ಲ, ಆ ಯಂತ್ರವನ್ನೇ ನೋಡುತ್ತಿದ್ದ.

ಮೂರನೆಯದು, ಉಕ್ಕಿನ ಕವಚದೊಳಗೆ ಚಿಪ್ಪು ಕೂರಿಸಿದ ಬೆರಳುಗಾತ್ರದ ಗುಳಿಗೆ. ಸೆಜ್ಗಿನ್ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಇದು ಪೂರಾ ಮುಚ್ಚೈತೆ. ಒಳಗೆ ಗಾಳಿ ಐತೆ. ಸತುವಿಗೆ ಇಳಿಸಿದ್ರೆ ಸಿಡೀತದೆ."

"ಐನೂರು ಡಿಗ್ರಿ ತಡೆಯುತ್ತೆ ಅಂತ ತಯಾರಿಸಿದವರೇ ಬರೆದಿದ್ದಾರೆ," ಡಾಕ್ಟರಮ್ಮ ಕಾಗದ ತೋರಿಸಿದಳು.

"ಬರ್ದೋರು ಬಂದು ಇಳಿಸ್ತಾರಾ?"

ಟೆಪ್ಪರ್ ಹತ್ತಿರ ಬಂದ. "ಯಾವ ಯೂನಿವರ್ಸಿಟಿಯಪ್ಪಾ ನಿಂದು? ಇಳಿಸು. ಇಲ್ಲಾ ಕೈಗವಸು ಬಿಚ್ಚಿಟ್ಟು ಹೋಗು."

ಡಾಕ್ಟರಮ್ಮ ಸುರಕ್ಷತೆಯ ಹಳದಿ ಗೆರೆ ದಾಟಿ ಇನ್ನೂ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತಳು. ಅಷ್ಟು ಹಿಂದೆ ನಿಲ್ಲಲು ಅವಳಿಗೆ ಯಾವ ಕಾಗದ ಹೇಳಿತ್ತೋ. ಸೆಜ್ಗಿನ್ ಇಳಿಸಿದ. ಪಟಾರ್ ಎಂದಿತು, ಅಷ್ಟೇ. ಒಂದು ಸೌಟಿನಷ್ಟು ಸತು ಮೇಲೆದ್ದು ಅವನ ಕತ್ತಿಗೆ, ಮುಖದ ಗಾಜಿನ ಸಂದಿನಿಂದ ಎಡಗಣ್ಣಿಗೆ ಬಡಿಯಿತು. ಅವನು ಅಲ್ಲೇ ಕೂತುಕೊಂಡ. ಕತ್ತಿನ ಮೇಲಿನ ಸತು ಆಗಲೇ ಹೆಪ್ಪುಗಟ್ಟಿ ಹೊಳೆಯುತ್ತಿತ್ತು.

ಮರುದಿನ ಊಟದ ಕೋಣೆಗೆ ಪ್ಲಾಮೆನ್ ವಿಮೆಯವರಿಗೆ ಕೊಡುವ ಹೇಳಿಕೆಯ ಕಾಗದ ಹಿಡಿದು ಬಂದ. ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಸೆಜ್ಗಿನ್ ಮೆಣಸಿನಕಾಯಿ ಕರಿಯುತ್ತಿದ್ದನಂತೆ, ಎಣ್ಣೆ ಸಿಡಿಯಿತಂತೆ, ನಾವು ಕಂಡೆವಂತೆ.

"ಎಣ್ಣೆ ಸಿಡುದ್ರೆ ಕಣ್ಗೆ ಬೆಳ್ಳಿ ರೇಕು ಮೆತ್ಕೊತದಾ, ಬೋಳಿಮಗನೆ?" ಎಂದೆ.

"ನೆಜ್ಮಿಯೆ, ನಿನ್ ನಾಲ್ಗೆ ಉದ್ದ ಆಯ್ತು. ಸೈನ್ ಹಾಕೋರು ಹಾಕಿ. ಹಾಕ್ದೇ ಇರೋರಿಗೆ ವ್ಯಾನ್ ರೆಡಿ ಐತೆ, ಸೀದಾ ರಾಜ್‌ಗ್ರಾದ್."

ಹಾಕಿದೆವು. ನಾನೂ ಹಾಕಿದೆ. ಶಾಲೆಯಲ್ಲಿ ನನ್ನ ಅಕ್ಷರ ದುಂಡಗಿತ್ತು, ಅವತ್ತೂ ದುಂಡಗೇ ಬಂತು.

ತಿಂಗಳೊಳಗೆ ಡಾಕ್ಟರಮ್ಮ ಆರಿಸಿ ಮುಗಿಸಿದಳು. ತೆಳ್ಳನೆಯ ಉಕ್ಕಿನ ಬಿಲ್ಲೆ, ಅದರಲ್ಲಿ ತೂತಿನ ಸಾಲು, ಓದಲು ಮೇಲೊಂದು ಕ್ಯಾಮೆರಾ. ಅದಕ್ಕೆ "ಓಲ್ಡರ್ಸ್ ವಿಧಾನ" ಎಂದು ಹೆಸರು. ಕೇಕು ಕತ್ತರಿಸಿದರು, ಫೋಟೋ ತೆಗೆದರು. ನಮ್ಮನ್ನು ಚಪ್ಪಾಳೆ ತಟ್ಟಲು ಕರೆದಿದ್ದರು.

ಭಾನುವಾರ ಆಸ್ಪತ್ರೆಗೆ ಹೋಗಿ ಸೆಜ್ಗಿನ್‌ಗೆ ಹೇಳಿದೆ. ಅರ್ಧ ಮುಖಕ್ಕೆ ಬಟ್ಟೆ ಸುತ್ತಿದ್ದರು. ಉಳಿದ ಅರ್ಧ ನಕ್ಕಿತು.

"ತೂತು ಎಷ್ಟ್ ದೊಡ್ದು ಹೊಡ್ದವ್ರೆ?"

"ಸಣ್ಣವು. ಹೆಸರುಕಾಳಿನಷ್ಟು."

"ಸತು ತುಂಬ್ಕೊಂಡ್ಬಿಡ್ತದೆ. ಎಂಟು ಮಿಲಿಮೀಟರ್ ಹೊಡೀಲಿ ಅಂತ ಹೇಳು." ಆಮೇಲೆ ಕೇಳಿದ, "ವಿಮೆಯೋರು ಬಂದಿದ್ರು. ಮೆಣಸಿನಕಾಯಿ ಕರೀತಿದ್ನಂತಲ್ಲ ನಾನು. ನೀನೂ ಸೈನ್ ಹಾಕ್ದ್ಯಾ?"

"ಹೂಂ."

"ಸರಿ," ಎಂದು ಗೋಡೆಯ ಕಡೆ ತಿರುಗಿಕೊಂಡ.

ಡಾಕ್ಟರಮ್ಮ ಬಿಟ್ಟುಹೋದ ರೇಡಿಯೋ ಚಿಪ್ಪುಗಳು ಪೆಟ್ಟಿಗೆ ತುಂಬ ಇದ್ದವಲ್ಲ, ಅವುಗಳನ್ನು ಟೆಪ್ಪರ್ ರಬ್ಬರ್ ಪಟ್ಟಿಗೆ ಹೊಲಿಸಿ ನಮ್ಮ ಮುಂಗೈಗೆ ಕಟ್ಟಿಸಿದ. ಬಾಗಿಲು ಬಾಗಿಲಿಗೂ ಓದುವ ಯಂತ್ರ ಬಂತು. ಯಾರು ಎಲ್ಲಿದ್ದಾರೆಂದು ಗೋಡೆಯ ಪರದೆ ಹೇಳತೊಡಗಿತು. ಬುಧವಾರ ನನ್ನನ್ನು ಎಲ್ಲರ ಮುಂದೆ ಪರದೆಯ ಕೆಳಗೆ ನಿಲ್ಲಿಸಿದ.

"ಕಕ್ಕಸಿನಲ್ಲಿ ಒಂಬತ್ತು ನಿಮಿಷ. ಏನು, ಮೊಟ್ಟೆ ಇಡ್ತಿದ್ಯಾ?"

ಐವತ್ತೆರಡು ವರ್ಷದ ಹೆಂಗಸು ನಾನು. ಮೂವರು ಲಾರಿ ಚಾಲಕರು ನಕ್ಕರು.

ಅವತ್ತು ಸಂಜೆ ಹಾಸ್ಟೆಲಿನಲ್ಲಿ ನಾನು ಒಂದು ಕಾಗದ ಬರೆದೆ. ಗುಳಿಗೆ ಯಾವುದು, ಯಾವ ದಿನ, ಸೆಜ್ಗಿನ್ ಏನೆಂದ, ಇಳಿಸು ಎಂದವರು ಯಾರು, ಎಣ್ಣೆಯ ಕಾಗದಕ್ಕೆ ಸಹಿ ಹೇಗೆ ಬಿತ್ತು. ಒಬ್ಬೊಬ್ಬರಿಗೂ ಓದಿ ಹೇಳಿದೆ. ನನ್ನನ್ನೂ ಸೇರಿ ಹತ್ತೂ ಜನ ಸಹಿ ಹಾಕಿದೆವು. ಗುರುವಾರ ಬೆಳಿಗ್ಗೆ ಕೆಲಸಕ್ಕೆ ಬರುವ ದಾರಿಯಲ್ಲಿ ಅದನ್ನು ವಿಮಾ ಕಚೇರಿಗೆ ಅಂಚೆಗೆ ಹಾಕಿ, ನಕಲೊಂದನ್ನು ಜೇಬಿನಲ್ಲಿಟ್ಟುಕೊಂಡೆ.

ಹತ್ತು ಗಂಟೆಗೆ ಬ್ರೆಮನ್ ಲಾರಿ ತುಂಬುತ್ತಿತ್ತು. ನಾನು ಇಕ್ಕಳದಿಂದ ನನ್ನ ಮುಂಗೈ ಪಟ್ಟಿ ಕತ್ತರಿಸಿ, ಲಾರಿಗೆ ತುಂಬಿದ್ದ ಕಬ್ಬಿಣದ ಬೇಲಿಗೆ, ಅದರ ಮೈಗೆ ತಾಗದ ಹಾಗೆ ತಂತಿಯಲ್ಲಿ ತೂಗುಬಿಟ್ಟು ಕಟ್ಟಿದೆ. ಮಿಕ್ಕವರು ಬಂದು ಕೈ ಚಾಚಿದರು, ಅವರದ್ದನ್ನೂ ಕಟ್ಟಿದೆ. ಲಾರಿ ಗೇಟು ದಾಟುವಾಗ ಯಂತ್ರ ಹತ್ತು ಸಲ ಕೀಂಗುಟ್ಟಿತು. ಪರದೆಯ ಮೇಲೆ ಹತ್ತು ಹೆಸರು, ಎದುರಿಗೆ ಸರಕಿಗೆ ಬರುವ ಹಸಿರು ಅಕ್ಷರ: ರವಾನೆಯಾಗಿದೆ.

ನಾವು ತೊಟ್ಟಿಯ ಪಕ್ಕದ ಬೆಂಚಿನ ಮೇಲೆ ಕೂತೆವು. ಕ್ರೇನಿನಲ್ಲಿ ಎರಡು ಟನ್ ಮೆಟ್ಟಿಲು ಸತುವಿನ ಮೇಲೆ ನೇತಾಡುತ್ತಿತ್ತು.

ಟೆಪ್ಪರ್ ಏದುಸಿರು ಬಿಡುತ್ತಾ ಇಳಿದು ಬಂದ. "ಏಳ್ರೋ, ಕೆಲಸ ಮಾಡಿ."

"ನಾವಿಲ್ಲಿ ಇಲ್ಲ ಸಾಹೇಬ್ರೇ," ಎಂದೆ. "ಬ್ರೆಮನ್‌ಗೆ ಹೋಗ್ತಾ ಇದೀವಿ. ನಿಮ್ ಪರದೇನೇ ಹೇಳ್ತದೆ."

ನಕಲನ್ನು ಅವನ ಕೈಗಿಟ್ಟೆ. ಓದಿದ. ಎರಡನೇ ಸಲ ಓದುವಾಗ ತುಟಿ ಅಲುಗಾಡುತ್ತಿತ್ತು. "ಇದು ಎಲ್ಲಿಗೂ ಹೋಗಬಾರದು," ಎಂದ.

"ಬೆಳಿಗ್ಗೇನೇ ಹೋಯ್ತಲ್ಲ."

ಅಂಗಳದಲ್ಲಿ ಪ್ಲಾಮೆನ್ ವ್ಯಾನ್ ಚಾಲೂ ಮಾಡಿದ ಸದ್ದು ಕೇಳಿಸಿತು. ಎರಡು ಸಲ ಹಾರನ್ ಹೊಡೆದ. ಯಾರೂ ಏಳಲಿಲ್ಲ. ಸತುವಿನ ಮೇಲೆ ಬೂದಿಬಣ್ಣದ ಕೆನೆ ದಪ್ಪವಾಗುತ್ತಾ ಬಂತು. ಅದನ್ನು ಕೆರೆಯದೆ ಏನನ್ನೂ ಅದ್ದುವಂತಿಲ್ಲ. ಟೆಪ್ಪರ್ ತಾನೇ ಹೋಗಿ ಸಲಾಕೆ ಎತ್ತಿಕೊಂಡ. ಯಾವ ತುದಿ ಹಿಡಿಯಬೇಕೆಂದು ತಿಳಿಯದೆ ಅದನ್ನು ತಿರುವಿ ಮುರುವಿ ನೋಡುತ್ತಾ ನಿಂತ.