ಮೂವತ್ತೊಂದನೇ ಪುಟದ ಕೋಣೆ

ಗಂಡ ಬರೆದಿಟ್ಟು ಹೋದ ಚರ್ಚಿನ ಕಟ್ಟಡ ಚರಿತ್ರೆ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಮೂವತ್ತೊಂದನೇ ಪುಟದಲ್ಲಿ ಒಂದು ಸಾಲು: 'ಉತ್ತರದ ಕೋಣೆ ಆಮೇಲೆ ಸೇರಿಸಿದ್ದು, ಮಹತ್ವದ್ದಲ್ಲ.' ಆ ಸಾಲನ್ನೇ ಹಿಡಿದುಕೊಂಡು ಚರ್ಚಿನ ಸಮಿತಿ ಕೋಣೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡಲು ಹೊರಟಿತ್ತು. ಸೋಮವಾರ ಕೆಲಸ ಶುರು.

ಕರಡು ತಿದ್ದುತ್ತಿದ್ದ ಅವಳಿಗೆ ನಕ್ಷೆಯ ಒಂದು ಅಳತೆ ಮುಳ್ಳಿನಂತೆ ಚುಚ್ಚಿತು. ಚರ್ಚಿನ ದೊಡ್ಡ ಗೋಡೆ ಆ ಕೋಣೆಗೆ ತಾಗುವ ಕಡೆ ಮಾತ್ರ ಒಂದು ಗೇಣು ತೆಳ್ಳಗಿತ್ತು. ಯಾಕೆ? ಗಂಡ ತೀರಿಕೊಂಡ ಆರು ತಿಂಗಳಿಂದ ಹೊಸ್ತಿಲು ದಾಟದವಳು ಟೇಪು ಹಿಡಿದು ಚರ್ಚಿಗೆ ಹೊರಟಳು.

ಕೋಣೆ ಕೆಡವಲು ಗೊತ್ತುಮಾಡಿದ್ದ ಮೇಸ್ತ್ರಿ ಅಲ್ಲೇ ಇದ್ದ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಕಲ್ಲುಗಳು ಒಂದಕ್ಕೊಂದು ಹೆಣೆದಿರಲಿಲ್ಲ. ಮೇಲಿಂದ ಕೆಳಗೆ ನೇರ ಸೀಳು; ಎರಡೂ ಒಂದೇ ಕಾಲಕ್ಕೆ ಕಟ್ಟಿದ್ದಲ್ಲ.

"ಯಾವ ಗೋಡೆ ಮೊದ್ಲಿಂದು ಅಂತ ಹೇಗೆ ಗೊತ್ತಾಗತ್ತೆ?"

"ಮೊದ್ಲು ನಿಂತವನು ಹೊರಗಡೆ ಸುಣ್ಣ ಬಳಿಸ್ಕೊಂಡಿರ್ತಾನೆ ಅಮ್ಮಾ. ಆಮೇಲೆ ಬಂದವನು ಅವನ ಸುಣ್ಣಕ್ಕೇ ಬೆನ್ನು ಒರಗಿಸ್ತಾನೆ."

"ಹಾಗಾದ್ರೆ ಚರ್ಚಿನ ಒಳಗಡೆಯಿಂದ ದೊಡ್ಡ ಗೋಡೆಯ ಒಂದು ಕಲ್ಲು ತೆಗೀರಿ."

"ಪಾದ್ರಿಗಳು ನನ್ನ ಚರ್ಮ ಸುಲೀತಾರೆ."

"ನಾನು ತೆಗೆಸಿದ್ದು ಅನ್ನಿ."

ಅಷ್ಟರಲ್ಲಿ ಮೈದುನ ಓಡಿಬಂದ. "ಅತ್ತಿಗೆ, ಅಣ್ಣ ಏಳು ವರ್ಷ ಈ ಗೋಡೆಗಳನ್ನ ನಿಮಗಿಂತ ಜಾಸ್ತಿ ನೋಡಿದ್ದ. ನೀವು ಒಂದೇ ಬೆಳಿಗ್ಗೆಗೆ ತಪ್ಪು ಹುಡುಕ್ತೀರಾ?"

"ನನಗಿಂತ ಜಾಸ್ತಿ ನೋಡಿದ್ದು ನಿಜ. ಕಲ್ಲು ಕಿತ್ತು ನೋಡಿರ್ಲಿಲ್ಲ."

ಮೇಸ್ತ್ರಿ ನಗು ನುಂಗಿಕೊಂಡು ಉಳಿ ಇಟ್ಟ. ಕಲ್ಲು ಸಡಿಲವಾಯಿತು, ಈಚೆ ಬಂತು. ಅದರ ಹಿಂದೆ ಕೋಣೆಯ ಗೋಡೆ. ಅದರ ಮೇಲೆ ಮೂರು ಪದರ ಸುಣ್ಣ, ಸುಣ್ಣದ ಮೇಲೆ ಹಳೇ ಮಳೆಯ ಪಾಚಿ ಕಲೆ. ಚರ್ಚು ಏಳುವ ಮುಂಚೆ ಆ ಪುಟ್ಟ ಕೋಣೆ ಎಷ್ಟೋ ವರ್ಷ ಬಯಲಲ್ಲಿ ಒಂಟಿಯಾಗಿ ನಿಂತಿತ್ತು.

ಅವಳು ಸುಣ್ಣಕ್ಕೆ ಬೆರಳು ತಾಗಿಸಿದಳು. ಬೆರಳು ಬೆಳ್ಳಗಾಯಿತು.

"ಪುಸ್ತಕದ ಮೇಲೆ ಅಣ್ಣನ ಹೆಸರಿರತ್ತೆ," ಎಂದ ಮೈದುನ ಮೆಲ್ಲಗೆ. "ಅವನು ತಪ್ಪು ಅಂತ ನೀವೇ ಅಚ್ಚು ಹಾಕಿಸ್ತೀರಾ?"

"ಸೋಮವಾರ ಇದು ಬಿದ್ರೆ ಅವರ ತಪ್ಪು ತಿದ್ದೋಕೆ ಗೋಡೆನೇ ಇರಲ್ಲ."

ಚೀಲದಿಂದ ಕರಡು ತೆಗೆದು, ತೊಡೆಯ ಮೇಲಿಟ್ಟುಕೊಂಡು, ಗಂಡನ ಆ ಸಾಲಿನ ಮೇಲೆ ಗೆರೆ ಎಳೆದಳು. ಅಂಚಿನಲ್ಲಿ ಬರೆದಳು: 'ಕೋಣೆಯೇ ಮೊದಲಿನದು. ದೊಡ್ಡ ಗೋಡೆ ಇದಕ್ಕೆ ಒರಗಿ ನಿಂತಿದೆ.'

"ತೂತು ಮುಚ್ಚಬೇಡಿ. ಪಾದ್ರಿಗಳು ಕಣ್ಣಾರೆ ನೋಡ್ಲಿ," ಎಂದಳು ಮೇಸ್ತ್ರಿಗೆ. ಆಮೇಲೆ ಟೇಪಿನ ಒಂದು ತುದಿಯನ್ನು ಮೈದುನನತ್ತ ಚಾಚಿದಳು. "ಹಿಡ್ಕೊ. ಅಳತೆ ಸಮೇತ ಸಮಿತಿಯವರ ಹತ್ರ ಹೋಗೋಣ."

ಅವನು ಸ್ವಲ್ಪ ಹೊತ್ತು ಆ ತೂತನ್ನೇ ನೋಡಿದ. ಆಮೇಲೆ ಹಿಡಿದುಕೊಂಡ.